ಏಳು ಗಡಿಯಾರ ಬಿಚ್ಚಿದ ಹುಡುಗಿ: ಗ್ರೇಸ್ ಹಾಪರ್

ಗೇಮ್ ಆಡ್ತಾ ಇರೋವಾಗ ಸಿಸ್ಟಮ್ ಕ್ರ್ಯಾಶ್ ಆದ್ರೆ ನಾವೆಲ್ಲ ಬಗ್ ಇದೆ ಅಂತೀವಿ. ಕೋಡ್ ಸರಿ ಮಾಡೋದಕ್ಕೆ ಡೀಬಗ್ ಅಂತೀವಿ. ಈ ಪದದ ಜೊತೆಗೇ ಕೇಳಿಬರೋ ಹೆಸರು ಗ್ರೇಸ್ ಹಾಪರ್. ಪ್ರಪಂಚದ ಮೊದಲ ಬಗ್ ಹಿಡಿದವರು ಇವರೇ ಅಂತ ಫಾರ್ವರ್ಡ್ ಮೆಸೇಜ್‌ಗಳಲ್ಲಿ ಬರುತ್ತೆ. ಅದು ಪೂರ್ತಿ ನಿಜ ಅಲ್ಲ. ಆದರೆ ನಿಜವಾದ ಕಥೆ ಆ ಮೆಸೇಜ್‌ಗಿಂತ ಚೆನ್ನಾಗಿದೆ, ಅದಕ್ಕೇ ಈ ಸಲ ಇವರ ಬಗ್ಗೆ ಬರೀತಾ ಇದ್ದೀವಿ.

ಗ್ರೇಸ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಕೆ ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸೋಕೆ ಆಗಲಿಲ್ಲ. ಹಾಗಂತ ಸುಮ್ಮನಾಗದೆ ಇನ್ನೊಂದನ್ನು ಬಿಚ್ಚಿದರು, ಆಮೇಲೆ ಮತ್ತೊಂದು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಬಿಡಿಯಾದವು. ಅಮ್ಮ ಬೈದು ಬಿಡಿಸಲಿಲ್ಲ, ಇನ್ನು ಮುಂದೆ ನಿನಗೆ ಒಂದೇ ಗಡಿಯಾರ ಅಂತ ನಿಯಮ ಮಾಡಿದರು ಅಷ್ಟೇ.

ವ್ಯಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಸಾಲದೆ ಒಂದು ವರ್ಷ ಕಾಯಬೇಕಾಯಿತು. ಬ್ಯಾಕ್‌ಲಾಗ್ ಇರೋ ಗೆಳೆಯರು ಇಲ್ಲಿ ಸ್ವಲ್ಪ ಉಸಿರು ಬಿಡಬಹುದು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದರು. ವ್ಯಾಸರ್‌ನಲ್ಲೇ ಮೇಷ್ಟ್ರ ಕೆಲಸವೂ ಸಿಕ್ಕಿತ್ತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ನೌಕಾಪಡೆ ಸೇರ್ತೀನಿ ಅಂತ ಹೋದರೆ, ವಯಸ್ಸು ಜಾಸ್ತಿ, ತೂಕ ಕಡಿಮೆ ಅನ್ನೋ ಉತ್ತರ. ಬಿಡದೆ ವಿನಾಯಿತಿ ಪಡೆದು 1943ರಲ್ಲಿ ಸೇರಿದರು. ತರಬೇತಿಯಲ್ಲಿ ತಮ್ಮ ಬ್ಯಾಚ್‌ಗೆ ಮೊದಲಿಗರಾಗಿ ಬಂದರು.

1944ರಲ್ಲಿ ಪೋಸ್ಟಿಂಗ್ ಸಿಕ್ಕಿದ್ದು ಹಡಗಿಗಲ್ಲ, ಹಾರ್ವರ್ಡ್‌ನಲ್ಲಿದ್ದ ಒಂದು ಯಂತ್ರಕ್ಕೆ. ಹೊವಾರ್ಡ್ ಐಕನ್ ಅವರ ಮಾರ್ಕ್ 1 ಅದು. 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ ತೂಕ. ಸೆಕೆಂಡಿಗೆ ಮೂರು ಕೂಡೋ ಲೆಕ್ಕ ಮಾಡ್ತಿತ್ತು, ಅಷ್ಟೇ! ಪ್ರೋಗ್ರಾಂ ಅಂದ್ರೆ ಕಾಗದದ ಪಟ್ಟಿಯಲ್ಲಿ ಹೊಡೆದ ತೂತುಗಳು. ಒಂದು ತೂತು ಜಾಗ ತಪ್ಪಿದರೂ ಲೆಕ್ಕ ಹಾಳು. ಇದರ ಕೈಪಿಡಿ ಬರೆಯೋ ಕೆಲಸವೂ ಹಾಪರ್ ಅವರ ಮೇಲೇ ಬಿತ್ತು. 1946ರಲ್ಲಿ ಬಂದ ಆ ಪುಸ್ತಕ 500 ಪುಟ ದಾಟಿತ್ತು.

ಈಗ ಆ ಪತಂಗದ ವಿಷಯಕ್ಕೆ ಬರೋಣ. 1947ರ ಸೆಪ್ಟೆಂಬರ್ 9. ಮಾರ್ಕ್ 2 ಯಂತ್ರದ ಪರೀಕ್ಷೆ ನಡೀತಿತ್ತು. ತಂಡದವರು ಮೊದಲು ಕೊಸೈನ್ ಲೆಕ್ಕದ ಟೇಪ್ ಓಡಿಸಿದರು. ಮಧ್ಯಾಹ್ನ 3:25ಕ್ಕೆ ಕೂಡುವ ಭಾಗದ ಪರೀಕ್ಷೆ ಶುರು ಮಾಡಿದರು. 3:45ಕ್ಕೆ ಎಫ್ ಪ್ಯಾನೆಲ್‌ನ 70ನೇ ರಿಲೇ ಒಳಗೆ ಸಿಕ್ಕಿಕೊಂಡಿದ್ದ ಒಂದು ಪತಂಗ ಕಾಣಿಸಿತು. ಅದನ್ನು ತೆಗೆದು ಲಾಗ್‌ಬುಕ್‌ನ ಪುಟಕ್ಕೆ ಟೇಪ್ ಹಾಕಿ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಅನ್ನೋ ಅರ್ಥದಲ್ಲಿ ತಮಾಷೆಯಾಗಿ ಬರೆದರು. ಬಗ್ ಅನ್ನೋ ಪದ ಎಡಿಸನ್ ಕಾಲದಿಂದಲೂ ಎಂಜಿನಿಯರ್‌ಗಳ ಬಾಯಲ್ಲಿ ಇತ್ತು, ತಮಾಷೆ ಇರೋದೇ ಅಲ್ಲಿ. ಪತಂಗ ಹಿಡಿದದ್ದು ಹಾಪರ್ ಅಲ್ಲ, ಅವರ ತಂಡದವರು. ಅದನ್ನು ದಶಕಗಳ ಕಾಲ ರಸವತ್ತಾಗಿ ಹೇಳಿ ಪ್ರಪಂಚಕ್ಕೆ ಹರಡಿದವರು ಹಾಪರ್. ಆ ಪುಟ ಇವತ್ತಿಗೂ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ನಮಗೆ ಇಲ್ಲಿ ಪತಂಗಕ್ಕಿಂತ ಮುಖ್ಯ ಅನ್ನಿಸೋದು ಆ ಲಾಗ್‌ಬುಕ್. ಯಾವ ಹೊತ್ತಿಗೆ ಯಾವ ಪರೀಕ್ಷೆ, ಯಾವ ಭಾಗ ಫೇಲ್ ಆಯ್ತು, ಏನು ಬದಲಾಯಿಸಿದ್ವಿ, ಎಲ್ಲಾ ಬರೆದಿದ್ದಾರೆ. ಉತ್ತರ ಮೊದಲೇ ಗೊತ್ತಿರೋ ಲೆಕ್ಕ ಕೊಟ್ಟು, ಒಂದೊಂದೇ ಭಾಗವನ್ನು ಪರೀಕ್ಷೆ ಮಾಡಿದ್ದಾರೆ. ಇವತ್ತು ಗೇಮ್ ಕ್ರ್ಯಾಶ್ ಆದಾಗ ಮಾಡಬೇಕಾದ್ದೂ ಇದೇ. ಬ್ರೌಸರ್‌ನಲ್ಲಿ ಆರಾಮಾಗಿದ್ದ ಸಿಸ್ಟಮ್ ಗೇಮ್‌ನಲ್ಲಿ ಮಾತ್ರ ಸಾಯುತ್ತೆ ಅಂದ್ರೆ ಕಾರಣ ಹಲವು ಇರಬಹುದು: ಬಿಸಿ, ಪವರ್ ಸಪ್ಲೈ, ಗ್ರಾಫಿಕ್ಸ್ ಡ್ರೈವರ್, ರ‍್ಯಾಮ್, ಇಲ್ಲಾ ಗೇಮ್‌ನದ್ದೇ ಹಾಳಾದ ಫೈಲ್. ವಿಂಡೋಸ್‌ನ ಈವೆಂಟ್ ವ್ಯೂವರ್ ನಮ್ಮ ಲಾಗ್‌ಬುಕ್. ಅದರಲ್ಲಿ ಕರ್ನಲ್ ಪವರ್ 41 ಅಂತ ಕಂಡರೆ, ಸರಿಯಾಗಿ ಶಟ್‌ಡೌನ್ ಆಗದೆ ಸಿಸ್ಟಮ್ ನಿಂತಿದೆ ಅಂತ ಮಾತ್ರ ಅರ್ಥ, ಯಾಕೆ ಅಂತ ಅದು ಹೇಳಲ್ಲ. ಫ್ಯಾನ್‌ನ ಧೂಳು ತೆಗೆದು ಟೆಂಪರೇಚರ್ ನೋಡಬೇಕು. ಓವರ್‌ಕ್ಲಾಕ್ ಮಾಡಿದ್ದರೆ ತೆಗೀಬೇಕು. ಮೆಮ್‌ಟೆಸ್ಟ್ ಓಡಿಸಿ ರ‍್ಯಾಮ್ ಪರೀಕ್ಷೆ ಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಬರೆದಿಟ್ಟುಕೊಳ್ಳಬೇಕು. ಎಲ್ಲಾ ಒಟ್ಟಿಗೆ ಬದಲಾಯಿಸಿದರೆ ಕ್ರ್ಯಾಶ್ ನಿಂತರೂ ಕಾರಣ ಗೊತ್ತಾಗಲ್ಲ, ನಾಳೆ ಮತ್ತೆ ಬಂದರೆ ಮೊದಲಿಂದ ಶುರು.

ಹಾಪರ್ ಅವರ ಜೀವನವೂ ಸಲೀಸಾಗಿ ನಡೆದದ್ದಲ್ಲ. 1945ರಲ್ಲಿ ವಿಚ್ಛೇದನ ಆಯ್ತು. 1949ರಲ್ಲಿ ಹಾರ್ವರ್ಡ್ ಬಿಡಬೇಕಾಯ್ತು, ಅಲ್ಲಿ ಹೆಂಗಸರಿಗೆ ಕಾಯಂ ಹುದ್ದೆ ಸಿಗೋ ಕಾಲ ಅದಾಗಿರಲಿಲ್ಲ. ಆ ವರ್ಷಗಳಲ್ಲಿ ಕುಡಿತದ ಸಮಸ್ಯೆಯೂ ಅವರನ್ನು ಕಾಡಿತು. ವಯಸ್ಸು ನಲವತ್ತು ದಾಟಿತ್ತು, ಕೈಯಲ್ಲಿದ್ದ ಮೇಷ್ಟ್ರ ಕೆಲಸವನ್ನು ಬಿಟ್ಟಾಗಿತ್ತು. ಅಲ್ಲಿಗೇ ಎಲ್ಲಾ ಮುಗೀಬಹುದಿತ್ತು. ಮುಗೀಲಿಲ್ಲ. ಯೂನಿವ್ಯಾಕ್ ಕಟ್ಟುತ್ತಿದ್ದ ಎಕರ್ಟ್ ಮತ್ತು ಮಾಕ್ಲಿ ಅವರ ಪುಟ್ಟ ಕಂಪನಿ ಸೇರಿದರು.

ಅವರ ದೊಡ್ಡ ಕೆಲಸ ಹುಟ್ಟಿದ್ದು ಅಲ್ಲೇ. ಆಗ ಪ್ರೋಗ್ರಾಂ ಬರೆಯೋರು ಸೈನ್, ವರ್ಗಮೂಲ ಇಂಥ ಕೋಡ್ ತುಣುಕುಗಳನ್ನು ನೋಟ್‌ಬುಕ್‌ನಿಂದ ಕೈಯಲ್ಲೇ ನಕಲು ಮಾಡ್ತಿದ್ರು, ವಿಳಾಸದ ಸಂಖ್ಯೆಗಳನ್ನು ತಾವೇ ಕೂಡಿ ಬದಲಾಯಿಸ್ತಿದ್ರು. ನಕಲು ಮಾಡೋವಾಗ ತಪ್ಪು, ಕೂಡೋವಾಗ ತಪ್ಪು. ಅದೇ ಬಗೆಯ ತಪ್ಪುಗಳು ಮತ್ತೆ ಮತ್ತೆ ಬರೋದನ್ನು ಹಾಪರ್ ನೋಡಿದರು. ಒಂದೊಂದನ್ನೇ ಹುಡುಕಿ ತಿದ್ದೋ ಬದಲು, ಆ ಕೆಲಸವನ್ನೇ ಕಂಪ್ಯೂಟರ್‌ಗೆ ಕೊಟ್ಟರೆ ತಪ್ಪಿನ ಬೇರೇ ಕಿತ್ತ ಹಾಗಲ್ವಾ? 1952ರ ಎ-0 ಕಂಪೈಲರ್ ಹುಟ್ಟಿದ್ದು ಹೀಗೆ. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್‌ಗೆ ಹತ್ತಿರ. ಆದರೆ ಯಂತ್ರ ತಾನೇ ಪ್ರೋಗ್ರಾಂ ಜೋಡಿಸುತ್ತೆ ಅಂದ್ರೆ ಆಗ ತುಂಬಾ ಜನ ನಂಬಲೇ ಇಲ್ಲ. ಇವರು ಬಿಡಲಿಲ್ಲ. ಇಂಗ್ಲಿಷ್ ಪದಗಳಲ್ಲೇ ಪ್ರೋಗ್ರಾಂ ಬರೆಯೋ ಫ್ಲೋ-ಮ್ಯಾಟಿಕ್ ಮಾಡಿದರು. 1959ರಲ್ಲಿ ಶುರುವಾದ ಕೋಬಾಲ್ ಭಾಷೆಗೆ ಅದೇ ದೊಡ್ಡ ಆಧಾರ ಆಯ್ತು. ಬ್ಯಾಂಕುಗಳಲ್ಲಿ ಕೋಬಾಲ್ ಇವತ್ತಿಗೂ ಓಡ್ತಾ ಇದೆ.

1966ರಲ್ಲಿ ನೌಕಾಪಡೆ ಇವರನ್ನು ನಿವೃತ್ತಿ ಮಾಡಿತು. ಮುಂದಿನ ವರ್ಷವೇ ಆರು ತಿಂಗಳಿಗೆ ಅಂತ ವಾಪಸ್ ಕರೆಸಿಕೊಂಡಿತು. ಆ ಆರು ತಿಂಗಳು ಹತ್ತೊಂಬತ್ತು ವರ್ಷ ಆಯ್ತು! 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. ಭಾಷಣಕ್ಕೆ ಹೋದಲ್ಲೆಲ್ಲ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಹಂಚ್ತಿದ್ರು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಹೋಗಬಲ್ಲ ಹೆಚ್ಚೆಂದರೆ ದೂರ ಅಷ್ಟೇ ಅಂತ ಕೈಗೇ ಕೊಟ್ಟು ತೋರಿಸೋ ಪಾಠ ಅದು.

ಹಾಪರ್ ತೀರಿಕೊಂಡದ್ದು 1992ರ ಜನವರಿ 1ರಂದು. ಅಮೆರಿಕದ ಒಂದು ಯುದ್ಧನೌಕೆಗೆ ಅವರ ಹೆಸರಿದೆ. 2022ರಲ್ಲಿ ಎನ್‌ವಿಡಿಯಾ ತನ್ನ ಡೇಟಾ ಸೆಂಟರ್ ಜಿಪಿಯು ವಿನ್ಯಾಸಕ್ಕೂ ಹಾಪರ್ ಅಂತಲೇ ಹೆಸರಿಟ್ಟಿತು. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಚಿಪ್ ಇರಲ್ಲ. ಆದರೆ ಅದರಲ್ಲಿ ಓಡೋ ಪ್ರತಿ ಗೇಮ್ ಯಾವುದೋ ಒಂದು ಕಂಪೈಲರ್ ದಾಟಿಯೇ ಬಂದಿರುತ್ತೆ. ಅದು ಇನ್ನೊಮ್ಮೆ ಕ್ರ್ಯಾಶ್ ಆದಾಗ ವಿಂಡೋಸ್ ರೀಇನ್‌ಸ್ಟಾಲ್ ಮಾಡೋಕೆ ಮುಂಚೆ ಒಂದು ಹಾಳೆ ತಗೊಳ್ಳಿ ಗೆಳೆಯರೇ, ಮೇಲ್ಗಡೆ ಟೈಮ್ ಬರೆದು ಶುರು ಮಾಡಿ.