ಟಿ. ಎಂ. ಎ. ಪೈ

ಡಾ. ತೋನ್ಸೆ ಮಾಧವ ಅನಂತ ಪೈ (30 ಏಪ್ರಿಲ್ 1898 – 29 ಮೇ 1979) ಕರ್ನಾಟಕದ ವೈದ್ಯರು, ಬ್ಯಾಂಕಿಂಗ್ ಕ್ಷೇತ್ರದ ಸಾಧಕರು ಮತ್ತು ಶಿಕ್ಷಣ ಸಂಸ್ಥೆಗಳ ಸ್ಥಾಪಕರು. ಉಡುಪಿ ಸಮೀಪದ ಮಣಿಪಾಲವನ್ನು ವಿದ್ಯಾಕೇಂದ್ರವಾಗಿ ಬೆಳೆಸಿದವರೆಂದು ಅವರು ಪ್ರಸಿದ್ಧರು. 1953ರಲ್ಲಿ ಅವರು ಆರಂಭಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು ಸರ್ಕಾರದ ಹಣವನ್ನು ಅವಲಂಬಿಸದೆ ನಡೆದ ವೈದ್ಯಕೀಯ ಕಾಲೇಜುಗಳಲ್ಲಿ ದೇಶದಲ್ಲೇ ಮೊದಲಿನದೆಂದು ಪರಿಗಣಿತವಾಗಿದೆ. ವೈದ್ಯಕೀಯ, ದಂತವೈದ್ಯಕೀಯ, ಔಷಧವಿಜ್ಞಾನ ಮತ್ತು ನರ್ಸಿಂಗ್‌ನಂತಹ ವೃತ್ತಿಶಿಕ್ಷಣಕ್ಕೆ ಯಾರು, ಯಾವ ಅರ್ಹತೆಯ ಮೇಲೆ, ಎಷ್ಟು ಹಣ ತೆತ್ತು ಸೇರಬೇಕು ಎಂಬ ಪ್ರಶ್ನೆಯು ಅವರ ಕಾರ್ಯದಿಂದ ಹೊಸ ರೂಪ ಪಡೆಯಿತು. ಅವರ ನಿಧನಾನಂತರ ಈ ಪ್ರಶ್ನೆ ಅವರ ಹೆಸರಿನ ಪ್ರತಿಷ್ಠಾನದ ಮೊಕದ್ದಮೆಯ ಮೂಲಕ ಸರ್ವೋಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದಿತು.

ಜನನ ಮತ್ತು ಶಿಕ್ಷಣ

ಪೈಯವರು ಉಡುಪಿಯ ಬಳಿಯ ಕಲ್ಯಾಣಪುರದಲ್ಲಿ ಕೊಂಕಣಿ ಮಾತನಾಡುವ ಗೌಡ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತ ಪೈ. ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರೋದ್ಯಮಿಯಾಗಿದ್ದು, ಮುಂದೆ ತಮ್ಮನ ಹಲವು ಕಾರ್ಯಗಳಲ್ಲಿ ಜೊತೆಯಾದರು.

ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕರಾವಳಿಯ ವಿದ್ಯಾರ್ಥಿ ವೈದ್ಯನಾಗಬೇಕಾದರೆ ಊರು ಬಿಟ್ಟು ದೂರದ ನಗರಕ್ಕೆ ಹೋಗಲೇಬೇಕಿತ್ತು. ಪೈಯವರು ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1925ರಲ್ಲಿ ಎಂ.ಬಿ.ಬಿ.ಎಸ್. ಪದವಿ ಪಡೆದರು. ಬಳಿಕ ಊರಿಗೆ ಮರಳಿ ವೈದ್ಯವೃತ್ತಿ ಆರಂಭಿಸಿದರು.

ಬ್ಯಾಂಕಿಂಗ್ ಕ್ಷೇತ್ರದಲ್ಲಿ

ಕೈಮಗ್ಗದ ಉದ್ಯಮ ಕುಸಿದು ನೇಕಾರರು ಸಂಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ ಮತ್ತು ಟಿ. ಎಂ. ಎ. ಪೈ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಅದರ ಆರಂಭಿಕ ಬಂಡವಾಳ 8,000 ರೂಪಾಯಿ. ಈ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು.

1928ರಲ್ಲಿ ಬ್ಯಾಂಕು ಪಿಗ್ಮಿ ಠೇವಣಿ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆ ಮತ್ತು ಅಂಗಡಿಗಳಿಗೆ ತೆರಳಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದುದು ಇದರ ಕ್ರಮ. ಬ್ಯಾಂಕಿನ ಬಾಗಿಲಿಗೆ ಬರಲು ಹಿಂಜರಿಯುತ್ತಿದ್ದ ದಿನಗೂಲಿಯವರು, ಸಣ್ಣ ವ್ಯಾಪಾರಿಗಳು ಮತ್ತು ಗೃಹಿಣಿಯರು ಇದರಿಂದ ಉಳಿತಾಯದ ಅಭ್ಯಾಸಕ್ಕೆ ಬಂದರು. ಹಲವರಿಂದ ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಸಿ ದೊಡ್ಡ ಕಾರ್ಯಕ್ಕೆ ತೊಡಗಿಸುವ ಈ ರೀತಿಯಲ್ಲಿ ಪೈಯವರ ಮುಂದಿನ ಶಿಕ್ಷಣ ಯೋಜನೆಗಳ ಮೂಲವನ್ನೂ ಕಾಣಬಹುದು. ಸಿಂಡಿಕೇಟ್ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಶಿಕ್ಷಣ ಸಂಸ್ಥೆಗಳ ಸ್ಥಾಪನೆ

ಮಣಿಪಾಲವು ಅಂದು ಉಡುಪಿಯ ಪೂರ್ವಕ್ಕೆ ಇದ್ದ ಬೋಳುಗುಡ್ಡ. ಅಲ್ಲಿನ ಮಣ್ಣಪಳ್ಳ ಎಂಬ ಕೆರೆಯ ಹೆಸರಿನಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳಲಾಗುತ್ತದೆ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, 1963ರಲ್ಲಿ ಔಷಧವಿಜ್ಞಾನ ಕಾಲೇಜು, 1965ರಲ್ಲಿ ದಂತವೈದ್ಯಕೀಯ ಕಾಲೇಜು ಮಣಿಪಾಲದಲ್ಲಿ ಸ್ಥಾಪಿತವಾದವು.

ಕಸ್ತೂರಬಾ ವೈದ್ಯಕೀಯ ಕಾಲೇಜು

ಈ ಸಂಸ್ಥೆಗಳಲ್ಲಿ ಹೆಚ್ಚು ಪ್ರಸಿದ್ಧವಾದುದು 1953ರಲ್ಲಿ ಕಸ್ತೂರಬಾ ಗಾಂಧಿಯವರ ಹೆಸರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು. ಈಗಿನ ಕರ್ನಾಟಕದ ವ್ಯಾಪ್ತಿಯಲ್ಲಿ ಅದಕ್ಕೆ ಮೊದಲು ಇದ್ದ ವೈದ್ಯಕೀಯ ಕಾಲೇಜು ಮೈಸೂರಿನದೊಂದೇ. ಬೆಂಗಳೂರಿನ ಕಾಲೇಜು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ ಆರಂಭವಾದವು. ಸೀಟುಗಳು ಕೆಲವೇ ಇದ್ದುದರಿಂದ ಅರ್ಹತೆಯಿದ್ದ ಅನೇಕರಿಗೂ ವೈದ್ಯಶಿಕ್ಷಣ ಎಟುಕುತ್ತಿರಲಿಲ್ಲ. ವೈದ್ಯಕೀಯ ಕಾಲೇಜು ನಡೆಸುವುದು ಸರ್ಕಾರ ಅಥವಾ ಮಿಷನರಿ ಸಂಸ್ಥೆಗಳಿಂದ ಮಾತ್ರ ಸಾಧ್ಯವೆಂಬ ಭಾವನೆಯೂ ಇತ್ತು.

ಕಾಲೇಜಿಗೆ ಎರಡು ಮುಖ್ಯ ಅಡಚಣೆಗಳಿದ್ದವು. ಮೊದಲನೆಯದು ಆಸ್ಪತ್ರೆ. ರೋಗಿಗಳ ಹಾಸಿಗೆಯ ಬಳಿ ಕಲಿಯದೆ ವೈದ್ಯಶಿಕ್ಷಣ ಪೂರ್ಣವಾಗುವುದಿಲ್ಲ. ಮಣಿಪಾಲದಲ್ಲಿ ಅಂತಹ ದೊಡ್ಡ ಆಸ್ಪತ್ರೆ ಇರಲಿಲ್ಲ. ಪೈಯವರು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯನ್ನು ಬೋಧನೆಗೆ ಬಳಸುವ ಒಪ್ಪಂದ ಮಾಡಿಕೊಂಡರು. ವಿದ್ಯಾರ್ಥಿಗಳು ಮೊದಲ ವರ್ಷಗಳ ಪಾಠವನ್ನು ಮಣಿಪಾಲದಲ್ಲಿ ಮುಗಿಸಿ, ಚಿಕಿತ್ಸಾ ತರಬೇತಿಗೆ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗುತ್ತಿದ್ದರು. ಸರ್ಕಾರಿ ಆಸ್ಪತ್ರೆ ಮತ್ತು ಖಾಸಗಿ ಕಾಲೇಜುಗಳ ಸಹಭಾಗಿತ್ವಕ್ಕೆ ಇದು ಆರಂಭಿಕ ಮಾದರಿ. ಮಣಿಪಾಲದಲ್ಲೇ ಕಸ್ತೂರಬಾ ಆಸ್ಪತ್ರೆ 1961ರಲ್ಲಿ ಆರಂಭವಾಯಿತು.

ಎರಡನೆಯದು ಪದವಿಯ ಮಾನ್ಯತೆ. ಕಾಲೇಜು ಪಾಠ ಹೇಳಬಹುದಾಗಿದ್ದರೂ ಪದವಿ ನೀಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಮಾತ್ರ ಇತ್ತು. ಕಾಲೇಜು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1965ರಿಂದ ಮೈಸೂರು ವಿಶ್ವವಿದ್ಯಾಲಯಕ್ಕೆ, 1980ರಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸಂಲಗ್ನವಾಗಿತ್ತು. 1993ರಲ್ಲಿ ಮಣಿಪಾಲದ ಉನ್ನತ ಶಿಕ್ಷಣ ಸಂಸ್ಥೆಯು ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆದು ತಾನೇ ಪದವಿ ನೀಡತೊಡಗಿತು.

ಪ್ರವೇಶ ಮತ್ತು ದೇಣಿಗೆ

ಕಾಲೇಜಿನ ಕಟ್ಟಡ, ಪ್ರಯೋಗಾಲಯ ಮತ್ತು ಅಧ್ಯಾಪಕರಿಗೆ ಬೇಕಾದ ಹಣವನ್ನು ಪೈಯವರು ವಿದ್ಯಾರ್ಥಿಗಳ ಕುಟುಂಬಗಳಿಂದ ಪ್ರವೇಶದ ವೇಳೆ ದೇಣಿಗೆಯಾಗಿ ಪಡೆಯುವ ಕ್ರಮವನ್ನು ಅನುಸರಿಸಿದರು. ನಿಗದಿತ ವಿದ್ಯಾರ್ಹತೆಯ ಜೊತೆಗೆ ಹಣ ಕೊಡುವ ಸಾಮರ್ಥ್ಯವೂ ಪ್ರವೇಶಕ್ಕೆ ಅಗತ್ಯವಾಯಿತು. ಇದೇ ಮುಂದೆ ಕ್ಯಾಪಿಟೇಶನ್ ಶುಲ್ಕ ಎಂಬ ಹೆಸರಿನಲ್ಲಿ ಚರ್ಚೆಗೆ ಒಳಗಾಯಿತು.

ಈ ಕ್ರಮದ ಕುರಿತು ಎರಡು ಅಭಿಪ್ರಾಯಗಳಿವೆ. ಸರ್ಕಾರ ಕಾಲೇಜು ತೆರೆಯುವವರೆಗೆ ಕಾದಿದ್ದರೆ ಕರಾವಳಿಗೆ ದಶಕಗಳ ಕಾಲ ವೈದ್ಯಕೀಯ ಕಾಲೇಜಾಗಲಿ ದೊಡ್ಡ ಆಸ್ಪತ್ರೆಯಾಗಲಿ ಬರುತ್ತಿರಲಿಲ್ಲ, ಕೊಡಬಲ್ಲವರಿಂದ ಪಡೆದ ಹಣವೇ ಎಲ್ಲರಿಗೂ ಬಳಕೆಯಾಗುವ ಆಸ್ಪತ್ರೆಯನ್ನು ಕಟ್ಟಿತು ಎಂಬುದು ಸಮರ್ಥಕರ ವಾದ. ಅಂಕ ಹೆಚ್ಚಿದ್ದ ಬಡ ವಿದ್ಯಾರ್ಥಿ ಹೊರಗುಳಿದು ಹಣವಿದ್ದವನು ಒಳಬರುವುದು ಸಮಾನತೆಗೆ ವಿರುದ್ಧ, ಪೈಯವರ ಮಾದರಿಯನ್ನು ಅನುಸರಿಸಿದ ಅನೇಕರು ಅವರ ಸೇವಾದೃಷ್ಟಿಯನ್ನು ಬಿಟ್ಟು ಹಣ ಪಡೆಯುವ ಕ್ರಮವನ್ನು ಮಾತ್ರ ಉಳಿಸಿಕೊಂಡರು ಎಂಬುದು ಟೀಕಾಕಾರರ ವಾದ. 1980ರ ದಶಕದ ಹೊತ್ತಿಗೆ ಕರ್ನಾಟಕದಲ್ಲಿ ಇಂತಹ ಕಾಲೇಜುಗಳ ಸಂಖ್ಯೆ ಬಹಳ ಹೆಚ್ಚಿತ್ತು.

ಕಾನೂನಿನ ಬೆಳವಣಿಗೆಗಳು

ಪೈಯವರ ನಿಧನದ ಐದು ವರ್ಷಗಳ ಬಳಿಕ, 1984ರಲ್ಲಿ, ಕರ್ನಾಟಕ ಸರ್ಕಾರ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತಂದಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಶುಲ್ಕ ಸಂವಿಧಾನಬಾಹಿರವೆಂದು ಹೇಳಿತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನು ಉಚಿತ ಸೀಟು ಮತ್ತು ಪಾವತಿ ಸೀಟುಗಳೆಂದು ವಿಂಗಡಿಸುವ ವ್ಯವಸ್ಥೆಯನ್ನು ರೂಪಿಸಿತು.

2002ರ ಅಕ್ಟೋಬರ್ 31ರಂದು ಟಿ. ಎಂ. ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ತೀರ್ಪು ನೀಡಿತು. ಉನ್ನಿಕೃಷ್ಣನ್ ತೀರ್ಪಿನ ಸೀಟು ವಿಂಗಡಣೆಯನ್ನು ಅದು ತಳ್ಳಿಹಾಕಿತು. ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ನಾಗರಿಕರಿಗೆ ಇದೆ, ಸಂಸ್ಥೆಯ ಬೆಳವಣಿಗೆಗೆ ಬೇಕಾದ ಮಿತವಾದ ಮಿಗುತಾಯ ಗಳಿಸಬಹುದು, ಆದರೆ ಕ್ಯಾಪಿಟೇಶನ್ ಶುಲ್ಕ ಮತ್ತು ಲಾಭಕೋರತನಕ್ಕೆ ಅವಕಾಶವಿಲ್ಲ ಎಂಬುದು ತೀರ್ಪಿನ ಸಾರ. ವೃತ್ತಿಶಿಕ್ಷಣದ ಪ್ರವೇಶಕ್ಕೆ ಪ್ರತಿಭೆ ಮುಖ್ಯ ಆಧಾರವಾಗಿರಬೇಕೆಂದೂ ಅದು ಹೇಳಿತು.

ನರ್ಸಿಂಗ್ ಶಿಕ್ಷಣ

ಪೈಯವರ ಕಾಲದಲ್ಲಿ ಮಣಿಪಾಲದ ಆರೋಗ್ಯ ಶಿಕ್ಷಣದಲ್ಲಿ ವೈದ್ಯಕೀಯ, ಔಷಧವಿಜ್ಞಾನ ಮತ್ತು ದಂತವೈದ್ಯಕೀಯ ವಿಭಾಗಗಳಿಗೆ ಪ್ರಾಧಾನ್ಯವಿತ್ತು. ಅವರು ಸ್ಥಾಪಿಸಿದ ಆಸ್ಪತ್ರೆಯೇ ಮುಂದೆ ಶುಶ್ರೂಷೆಯ ಪ್ರಾಯೋಗಿಕ ಕಲಿಕೆಗೂ ನೆಲೆಯಾಯಿತು. ನರ್ಸಿಂಗ್ ಕಾಲೇಜು 1990ರಲ್ಲಿ ಆರಂಭವಾಯಿತು.

ದೇಶದಲ್ಲಿ ನರ್ಸಿಂಗ್ ಶಿಕ್ಷಣದ ಮಟ್ಟವನ್ನು 1947ರ ಕಾಯಿದೆಯಡಿ ರಚಿತವಾದ ಭಾರತೀಯ ನರ್ಸಿಂಗ್ ಪರಿಷತ್ತು ನಿರ್ಧರಿಸುತ್ತದೆ. ಅದರ ನಿಯಮದಂತೆ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಗೆ ಸೇರುವವರಿಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇ. 45 ಅಂಕಗಳೊಂದಿಗೆ ಹಾಗೂ ಇಂಗ್ಲಿಷಿನಲ್ಲಿ ಉತ್ತೀರ್ಣರಾಗಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಈ ಮಿತಿ ಶೇ. 40. ಅಭ್ಯರ್ಥಿಯು ವೈದ್ಯಕೀಯವಾಗಿ ಸದೃಢರಾಗಿರಬೇಕು.

ಪದವಿ ಪಡೆಯಲು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಷ್ಟೇ ಸಾಲದು. ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಅಗತ್ಯ. ಪದವಿ ಪ್ರದಾನಕ್ಕೆ ಮೊದಲು ಪ್ರತಿಯೊಂದು ಪ್ರಾಯೋಗಿಕ ವಿಭಾಗದಲ್ಲಿ ಶೇ. 100 ಹಾಜರಾತಿ ಪೂರೈಸಿರಬೇಕು. ಪಾಠದ ಅವಧಿ ತಪ್ಪಿದರೆ ಪುಸ್ತಕ ಓದಿ ತುಂಬಿಕೊಳ್ಳಬಹುದು, ವಾರ್ಡಿನಲ್ಲಿ ರೋಗಿಯೊಡನೆ ಕಳೆಯಬೇಕಾದ ಸಮಯಕ್ಕೆ ಬದಲಿಯಿಲ್ಲ ಎಂಬುದು ಈ ನಿಯಮದ ಹಿಂದಿನ ತರ್ಕ. ಪದವಿಯ ನಂತರ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಮೇಲಷ್ಟೇ ವೃತ್ತಿ ನಡೆಸಬಹುದು.

ಮಲೆನಾಡಿನೊಂದಿಗೆ ಸಂಬಂಧ

ಮಣಿಪಾಲದ ಸಂಸ್ಥೆಗಳ ಪ್ರಭಾವ ಕರಾವಳಿಗೆ ಸೀಮಿತವಾಗಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು 1956ಕ್ಕೆ ಮೊದಲು ಮೈಸೂರು ರಾಜ್ಯದಲ್ಲಿದ್ದವು. ಘಟ್ಟದ ಕೆಳಗಿನ ಉಡುಪಿ ಮದರಾಸಿಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಿಂದ ಎರಡೂ ಪ್ರದೇಶಗಳು ಒಂದೇ ಆಡಳಿತಕ್ಕೆ ಬಂದವು. ತೀರ್ಥಹಳ್ಳಿಯವರು ಆಗುಂಬೆ ಘಾಟಿಯ ಮೂಲಕ, ಹೊಸನಗರದವರು ಹುಲಿಕಲ್ ಘಾಟಿಯ ಮೂಲಕ ಕರಾವಳಿಗೆ ಇಳಿದು ಚಿಕಿತ್ಸೆಗಾಗಿ ಮಣಿಪಾಲಕ್ಕೆ ಹೋಗುವುದು ವಾಡಿಕೆಯಾಯಿತು. ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದುದು 21ನೇ ಶತಮಾನದ ಮೊದಲ ದಶಕದಲ್ಲಿ.

ಮಲೆನಾಡಿನ ಮಂಗನ ಕಾಯಿಲೆ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಮೊದಲು ಪತ್ತೆಯಾಯಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ತೀವ್ರವಾಗಿ ಹರಡಿದಾಗ ಹಲವು ರೋಗಿಗಳನ್ನು ಮಣಿಪಾಲಕ್ಕೆ ಕಳುಹಿಸಲಾಯಿತು. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ದ್ರವಾಂಶ ಕಾಪಾಡುವುದು, ರಕ್ತಸ್ರಾವದ ಮೇಲೆ ನಿಗಾ ಇಡುವುದು ಮೊದಲಾದ ಆರೈಕೆಯೇ ಚಿಕಿತ್ಸೆಯ ಮುಖ್ಯ ಭಾಗ. ಹೀಗಾಗಿ ತರಬೇತಿ ಪಡೆದ ಶುಶ್ರೂಷಕರ ಪಾತ್ರ ಇಲ್ಲಿ ವೈದ್ಯರ ಪಾತ್ರದಷ್ಟೇ ಮಹತ್ವದ್ದು.

ಗೌರವಗಳು

ಭಾರತ ಸರ್ಕಾರ 1972ರಲ್ಲಿ ಪೈಯವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. 1999ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಬಿಡುಗಡೆಯಾಯಿತು. ಉಡುಪಿ ಮತ್ತು ಕಾರ್ಕಳದ ಆಸ್ಪತ್ರೆಗಳು ಹಾಗೂ ಮಂಗಳೂರಿನ ಸಭಾಂಗಣವೊಂದು ಅವರ ಹೆಸರನ್ನು ಹೊತ್ತಿವೆ.

ನಿಧನ

ಟಿ. ಎಂ. ಎ. ಪೈ 1979ರ ಮೇ 29ರಂದು, 81ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ನಂತರ ಮಗ ರಾಮದಾಸ ಪೈ ಮಣಿಪಾಲದ ಶಿಕ್ಷಣ ಸಂಸ್ಥೆಗಳ ನೇತೃತ್ವ ವಹಿಸಿದರು.