ಉಕ್ಕಿನ ಗುಂಡಿಗೆ ಸಾಣೆ ಹಿಡಿದ ಮಿಸ್ತ್ರಿ – ಫ್ರೀಡ್ರಿಷ್ ಫಿಷರ್

ಪಂಪ್‌ಸೆಟ್ಟಿನ ಮೋಟಾರು, ಟ್ರ್ಯಾಕ್ಟರಿನ ಗಾಲಿ, ಒಕ್ಕಣೆ ಯಂತ್ರ, ಮನೆಯ ಮುಂದೆ ನಿಂತಿರುವ ಸೈಕಲ್ಲು – ರೈತ ಬಂಧುಗಳೇ, ಇವೆಲ್ಲ ಇಷ್ಟು ಹಗುರವಾಗಿ ತಿರುಗುವುದು ಯಾವುದರ ಬಲದಿಂದ ಎಂದು ಎಂದಾದರೂ ಯೋಚಿಸಿದ್ದೀರಾ? ಒಳಗೆ ಅಡಗಿ ಕುಳಿತ ಪುಟ್ಟ ಉಕ್ಕಿನ ಗುಂಡುಗಳ ಬಲದಿಂದ. ಸೈಕಲ್ ಅಂಗಡಿಯವರು ಇವನ್ನು ‘ಬಾಲ್ಸ್’ ಎನ್ನುತ್ತಾರೆ. ಇವು ಸಾಲಾಗಿ ಸೇರಿದ ಬಳೆಯೇ ಬಾಲ್ ಬೇರಿಂಗ್. ಈ ಗುಂಡುಗಳನ್ನು ಒಂದೇ ಅಳತೆಯಲ್ಲಿ, ರಾಶಿ ರಾಶಿಯಾಗಿ ತಯಾರಿಸುವ ದಾರಿಯನ್ನು ತೋರಿಸಿಕೊಟ್ಟವನು ಜರ್ಮನಿಯ ಒಂದು ಸಣ್ಣ ಊರಿನ ರಿಪೇರಿ ಮಿಸ್ತ್ರಿ. ಅವನ ಹೆಸರು ಫ್ರೀಡ್ರಿಷ್ ಫಿಷರ್.

ಉಜ್ಜುವುದೂ ಉರುಳುವುದೂ

ಮೊದಲು ಗುಂಡಿನ ಉಪಯೋಗವೇನು ನೋಡೋಣ. ಹಳೆಯ ಮರದ ಗಾಡಿಯಲ್ಲಿ ಗಾಲಿಯ ಗುಂಬ ಇರುಸಿನ ಮೇಲೆ ಉಜ್ಜಿಕೊಂಡೇ ತಿರುಗಬೇಕು. ಅದಕ್ಕಾಗಿಯೇ ಕೀಲೆಣ್ಣೆ. ಎಣ್ಣೆ ಒಣಗಿತೋ, ಗಾಡಿ ಕಿರುಗುಟ್ಟುತ್ತದೆ, ಎತ್ತಿನ ಹೆಗಲಿಗೆ ಭಾರ ಹೆಚ್ಚುತ್ತದೆ. ದೊಡ್ಡ ದಿಮ್ಮಿಯನ್ನು ನೆಲದ ಮೇಲೆ ಎಳೆಯುವ ಬದಲು ಅದರ ಕೆಳಗೆ ದುಂಡು ಕಟ್ಟಿಗೆ ಕೊಟ್ಟು ಉರುಳಿಸುವುದು ಎಷ್ಟು ಸುಲಭವೆಂದು ನೀವು ಬಲ್ಲಿರಿ. ಇರುಸಿಗೂ ಗುಂಬಕ್ಕೂ ನಡುವೆ ಗುಂಡುಗಳನ್ನಿಟ್ಟರೆ ಆಗುವುದೂ ಅದೇ. ಉಜ್ಜುವಿಕೆ ಹೋಗಿ ಉರುಳುವಿಕೆ ಬರುತ್ತದೆ.

ಈ ಉಪಾಯ ಫಿಷರ್‌ನದಲ್ಲ. 1794ರಲ್ಲೇ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತ ಕುದುರೆಗಾಡಿಯ ಇರುಸಿಗೆ ಗುಂಡುಗಳನ್ನು ಅಳವಡಿಸುವುದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಉಪಾಯ ಹೊಳೆದರೆ ಸಾಲದು, ಗುಂಡು ಸರಿಯಾಗಿರಬೇಕು. ಸಾಲಿನಲ್ಲಿ ಒಂದು ಗುಂಡು ತುಸು ದೊಡ್ಡದಾದರೂ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಅದು ಒಡೆಯುತ್ತದೆ, ಒಡೆದ ಚೂರು ಉಳಿದವನ್ನೂ ಕೆಡಿಸುತ್ತದೆ. ಆದ್ದರಿಂದ ಗುಂಡು ದುಂಡಗಿದ್ದರಷ್ಟೇ ಸಾಲದು, ತನ್ನ ಜೊತೆಯ ಗುಂಡುಗಳಿಗೆ ಸರಿಸಮನಾಗಿಯೂ ಇರಬೇಕು. ಸಮಸ್ಯೆಯೆಲ್ಲ ಇದ್ದದ್ದು ಇಲ್ಲಿಯೇ.

ತಂದೆಯ ಕಸುಬು

ಬವೇರಿಯ ಪ್ರಾಂತದಲ್ಲಿ ಮೈನ್ ನದಿಯ ದಡದಲ್ಲಿ ಶ್ವೈನ್‌ಫುರ್ಟ್ ಎಂಬ ಊರಿದೆ. 1880ರ ಸುಮಾರಿಗೆ ಅಲ್ಲಿದ್ದ ಜನ ಹನ್ನೆರಡು ಸಾವಿರದ ಆಸುಪಾಸು. ನಮ್ಮ ಕಡೆಯ ಒಂದು ಸಣ್ಣ ತಾಲ್ಲೂಕು ಕೇಂದ್ರದಷ್ಟು ಊರು ಎನ್ನಿ. ಫಿಷರ್ ಹುಟ್ಟಿದ್ದು ಅಲ್ಲಿಯೇ, 1849ರ ಮಾರ್ಚ್ 19ರಂದು.

ತಂದೆ ಫಿಲಿಪ್ ಮೋರಿಟ್ಸ್ ಫಿಷರ್‌ನ ಕಸುಬು ಚರ್ಚುಗಳಲ್ಲಿ ನುಡಿಸುವ ಆರ್ಗನ್ ವಾದ್ಯಗಳನ್ನು ಕಟ್ಟುವುದು. ಮರ, ತೊಗಲು, ಲೋಹ ಮೂರರಲ್ಲೂ ಕೈ ಪಳಗಿರಬೇಕಾದ ಕೆಲಸವದು. ಆ ಕಾಲದ ಎರಡು ಗಾಲಿಯ ಬಂಡಿಗೆ ಪೆಡಲ್ ಇರಲಿಲ್ಲ. ಏರಿ ಕುಳಿತವನು ನೆಲವನ್ನು ಕಾಲಿನಿಂದ ಒದೆಯುತ್ತಾ ಸಾಗಬೇಕಾಗಿತ್ತು. ಈ ತಂದೆ ಅಂಥದೊಂದು ಬಂಡಿಯ ಮುಂದಿನ ಗಾಲಿಗೆ ಪೆಡಲ್ ಜೋಡಿಸಿದ. ಅದು 1853ರಲ್ಲಿ ಎಂದು ಊರಿನವರ ನಂಬಿಕೆ. ಅಷ್ಟು ಹಿಂದಿನದಲ್ಲ ಎನ್ನುವ ಇತಿಹಾಸಕಾರರೂ ಇದ್ದಾರೆ. ಅದು ಹೇಗೇ ಇರಲಿ, ಕೈಯಲ್ಲಿ ಉಳಿ, ಕಣ್ಣಲ್ಲಿ ಅಳತೆ ಇದ್ದ ಮನೆಯಲ್ಲಿ ಮಗ ಬೆಳೆದ ಎಂಬುದು ಮುಖ್ಯ.

ಮಗನೂ ಮಿಸ್ತ್ರಿಯಾದ. ಹೊಲಿಗೆ ಯಂತ್ರ, ಸೈಕಲ್ಲುಗಳ ಮಾರಾಟ ಹಾಗೂ ರಿಪೇರಿಗೆ ಊರಿನಲ್ಲೇ ಸಣ್ಣ ಕಾರ್ಯಾಗಾರ ತೆರೆದ. ಯುರೋಪಿನಲ್ಲಿ ಸೈಕಲ್ಲಿನ ಹುಚ್ಚು ಆಗ ತಾನೇ ಏರುತ್ತಿತ್ತು. ಒಳ್ಳೆಯ ಸೈಕಲ್ಲಿಗೆ ಗುಂಡುಗಳು ಬೇಕು, ಒಳ್ಳೆಯ ಗುಂಡುಗಳು ಬರಬೇಕಾದದ್ದು ಇಂಗ್ಲೆಂಡಿನಿಂದ. ಅವುಗಳ ಬೆಲೆಯೂ ಹೆಚ್ಚು.

ಕೈಯಿಂದ ಆಗದ್ದು ಯಂತ್ರದಿಂದ

ಗುಂಡನ್ನು ಲೇತಿನಲ್ಲಿ ಒಂದೊಂದಾಗಿ ಕಡೆಯುವುದು ಆಗಿನ ಪದ್ಧತಿ. ಕಡೆದ ಮೇಲೆ ಗಟ್ಟಿಯಾಗಲೆಂದು ಕಾಯಿಸಿ ಹದ ಕೊಡಬೇಕು. ಕುಡುಗೋಲಿಗೆ ಹದ ಹಾಕುವ ಕಮ್ಮಾರನನ್ನು ಕೇಳಿದರೆ ಹೇಳುತ್ತಾನೆ, ಹದಕ್ಕೆ ಬಿದ್ದ ಉಕ್ಕು ತುಸುವಾದರೂ ಸೊಟ್ಟಗಾಗುತ್ತದೆ ಎಂದು. ಗುಂಡೂ ಹಾಗೆಯೇ. ಹದಕ್ಕೆ ಮುಂಚೆ ದುಂಡಗಿದ್ದದ್ದು ಆಮೇಲೆ ದುಂಡಗಿರುವುದಿಲ್ಲ. ಅಷ್ಟು ಗಟ್ಟಿಯಾದ ಉಕ್ಕಿಗೆ ಮತ್ತೆ ಉಳಿ ತಾಗುವುದೂ ಇಲ್ಲ. ಉಳಿದ ದಾರಿ ಸಾಣೆಯೊಂದೇ. ಆದರೆ ಕೈಯಲ್ಲಿ ಹಿಡಿದು ಸಾವಿರ ಗುಂಡುಗಳನ್ನು ಒಂದೇ ಸಮನೆ ಸಾಣೆ ಹಿಡಿಯಲು ಯಾರಿಂದ ಸಾಧ್ಯ?

1883ರಲ್ಲಿ ಫಿಷರ್ ಇದಕ್ಕೊಂದು ಯಂತ್ರ ಕಟ್ಟಿದ. ಅದರ ತತ್ತ್ವ ಸರಳ. ಹದ ಮಾಡಿದ ಗುಂಡುಗಳನ್ನು ಒಟ್ಟಿಗೆ ಯಂತ್ರದ ಎರಡು ಬಿಲ್ಲೆಗಳ ನಡುವೆ ಹಾಕಿ ಉರುಳಾಡಿಸುವುದು. ಗುಂಡು ಎಲ್ಲ ಮಗ್ಗುಲಿಗೂ ಹೊರಳುತ್ತಿರುವುದರಿಂದ ಎಲ್ಲ ಕಡೆಯೂ ಸಮನಾಗಿ ಸವೆಯುತ್ತದೆ. ದೊಡ್ಡ ಗುಂಡಿನ ಮೇಲೆ ಒತ್ತಡ ಮೊದಲು ಬೀಳುವುದರಿಂದ ಮೊದಲು ಸವೆಯುವುದೂ ಅದೇ. ಅದು ಸವೆದು ಉಳಿದವುಗಳ ಅಳತೆಗೆ ಬಂದ ಮೇಲೆ ಒತ್ತಡ ಎಲ್ಲಕ್ಕೂ ಹಂಚಿಹೋಗುತ್ತದೆ. ಹೀಗೆ ಗುಂಡುಗಳು ತಮ್ಮತಮ್ಮಲ್ಲೇ ಅಳತೆ ಸರಿಮಾಡಿಕೊಳ್ಳುತ್ತವೆ. ಅಳೆದು ನೋಡುವ ಕೆಲಸವನ್ನು ಮನುಷ್ಯನ ಕಣ್ಣಿನಿಂದ ತೆಗೆದು ಯಂತ್ರಕ್ಕೆ ವಹಿಸಿದ್ದೇ ಈ ಮಿಸ್ತ್ರಿಯ ದೊಡ್ಡ ಬುದ್ಧಿ.

ಬೆಳೆದವನು ಒಬ್ಬ, ಉಂಡವರು ಹಲವರು

ಈ ಯಂತ್ರಕ್ಕೆ ಪೇಟೆಂಟ್ ದೊರೆತದ್ದು 1890ರಲ್ಲಿ. ಆ ವೇಳೆಗೆ ಊರಿನಲ್ಲಿ ಪೈಪೋಟಿ ಹುಟ್ಟಿಯಾಗಿತ್ತು. ಫಿಷರ್‌ನ ಬಳಿ ಕೆಲಸಕ್ಕಿದ್ದ ವಿಲ್ಹೆಲ್ಮ್ ಹ್ಯೋಪ್‌ಫ್ಲಿಂಗರ್ ಎಂಬ ಜಾಣ ಕಸುಬುದಾರ ಯಂತ್ರವನ್ನು ಇನ್ನಷ್ಟು ಸುಧಾರಿಸಿ, ಅದೇ 1890ರಲ್ಲಿ ಏಂಗೆಲ್‌ಬರ್ಟ್ ಫ್ರೀಸ್ ಎಂಬುವನ ಜೊತೆಗೂಡಿ ಸ್ವಂತ ಗುಂಡಿನ ಕಾರ್ಖಾನೆ ತೆರೆದ. ಹ್ಯೋಪ್‌ಫ್ಲಿಂಗರ್‌ನ ಅಳಿಯ ಎರ್ನ್‌ಸ್ಟ್ ಸಾಕ್ಸ್ 1895ರಲ್ಲಿ ಕಾರ್ಲ್ ಫಿಷ್ಟೆಲ್ ಜೊತೆ ಸೇರಿ ಮತ್ತೊಂದು ಕಾರ್ಖಾನೆ ಕಟ್ಟಿದ. 1903ರಲ್ಲಿ ಅಲ್ಲಿಂದ ಹೊರಬಂದ ಸೈಕಲ್ ಹಬ್ಬಿನಲ್ಲಿ ಪೆಡಲನ್ನು ಹಿಂದಕ್ಕೆ ಒತ್ತಿದರೆ ಗಾಲಿಗೆ ಬ್ರೇಕು ಬೀಳುತ್ತಿತ್ತು.

ಫಿಷರ್ ಹಿಂಜರಿಯಲಿಲ್ಲ. 1896ರಲ್ಲಿ ರೈಲು ನಿಲ್ದಾಣದ ಹತ್ತಿರ ದೊಡ್ಡ ಕಾರ್ಖಾನೆ ಎಬ್ಬಿಸಿದ. ಅಲ್ಲಿ ವಾರಕ್ಕೆ ಒಂದು ಕೋಟಿ ಗುಂಡು ತಯಾರಾಗುತ್ತಿತ್ತೆಂದು ಆ ಕಾರ್ಖಾನೆಯ ಇತಿಹಾಸ ಹೇಳುತ್ತದೆ. 1897ರಲ್ಲಿ ಅದು ಷೇರು ಕಂಪೆನಿಯಾಯಿತು. ಆದರೆ ಆತನ ಆಯುಷ್ಯ ಮುಗಿಯುತ್ತ ಬಂದಿತ್ತು. 1899ರ ಅಕ್ಟೋಬರ್ 2ರಂದು, ಐವತ್ತನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಯಜಮಾನನಿಲ್ಲದ ಕಾರ್ಖಾನೆ ಸೊರಗಿತು. 1909ರಲ್ಲಿ ಅದನ್ನು ಕೊಂಡು ಮತ್ತೆ ಎತ್ತಿ ನಿಲ್ಲಿಸಿದವನು ಅದೇ ಊರಿನ ಗಿಯೋರ್ಗ್ ಶೇಫರ್.

ಫಿಷರ್‌ನ ಕಸುಬಿನಿಂದ ಆತನ ಮನೆತನಕ್ಕಿಂತ ಹೆಚ್ಚು ಬೆಳೆದದ್ದು ಊರು. ಜರ್ಮನಿಗೆ ಬೇಕಾದ ಬೇರಿಂಗುಗಳ ದೊಡ್ಡ ಪಾಲು ಅಲ್ಲಿಂದಲೇ ಹೋಗುವಂತಾಯಿತು. ಅದೇ ಊರಿಗೆ ಮುಳುವೂ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಬೇರಿಂಗ್ ನಿಂತರೆ ಜರ್ಮನಿಯ ವಿಮಾನ, ಟ್ಯಾಂಕುಗಳೂ ನಿಲ್ಲುತ್ತವೆಂದು ಲೆಕ್ಕ ಹಾಕಿದ ಅಮೆರಿಕದ ವಿಮಾನಗಳು 1943ರ ಆಗಸ್ಟ್ 17 ಮತ್ತು ಅಕ್ಟೋಬರ್ 14ರಂದು ಅಲ್ಲಿ ಬಾಂಬಿನ ಮಳೆ ಸುರಿಸಿದವು. ಯುದ್ಧ ಮುಗಿದ ಮೇಲೆ ಊರು ಮತ್ತೆ ಎದ್ದು ನಿಂತಿತು. ಈಗಲೂ ಅಲ್ಲಿನ ಮುಖ್ಯ ಕಸುಬು ಬೇರಿಂಗೇ.

ನಿಮ್ಮ ಮನೆಯ ಬೇರಿಂಗ್

ಬೇರಿಂಗುಗಳ ಮೇಲೆ ‘ಎಫ್.ಎ.ಜಿ.’ ಎಂಬ ಮೂರಕ್ಷರದ ಗುರುತನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. 1905ರಿಂದ ನಡೆದು ಬಂದಿರುವ ಆ ಗುರುತಿನ ಮೊದಲಕ್ಷರ ಫಿಷರ್‌ನ ಹೆಸರಿನದು. ಗುರುತು ಯಾವುದೇ ಇರಲಿ, ಆ ಮಿಸ್ತ್ರಿ ಕಲಿಸಿದ ಪಾಠವನ್ನು ಮನೆಯಲ್ಲಿ ಪಾಲಿಸಿದರೆ ಹಣ ಉಳಿಯುತ್ತದೆ. ಸೈಕಲ್ಲಿನ ಹಬ್ಬಿನಲ್ಲಿ ಒಂದೆರಡು ಗುಂಡು ಸವೆದರೆ ಅವನ್ನಷ್ಟೇ ಬದಲಿಸಬೇಡಿ, ಪೂರ್ತಿ ಸಾಲನ್ನೇ ಒಂದೇ ಅಳತೆಯ ಹೊಸ ಗುಂಡುಗಳಿಂದ ತುಂಬಿಸಿ. ಹಳೆಯದೂ ಹೊಸದೂ ಬೆರೆತರೆ ದೊಡ್ಡದರ ಮೇಲೆ ಭಾರ ಬಿದ್ದು ಹಬ್ಬು ಕೆಡುತ್ತದೆ. ಮೋಟಾರಿನ ಬೇರಿಂಗನ್ನು ನೇರವಾಗಿ ಸುತ್ತಿಗೆಯಿಂದ ಹೊಡೆದು ಕೂರಿಸಲು ಬಿಡಬೇಡಿ. ಏಟು ಬಿದ್ದ ಕಡೆ ಬಳೆಯಲ್ಲಿ ಗುಳಿ ಬಿದ್ದು ಸದ್ದು ಶುರುವಾಗುತ್ತದೆ. ಗ್ರೀಸಿನ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಒಂದು ಚಿಟಿಕೆ ಮರಳು ಸೇರಿದರೂ ಆ ಗ್ರೀಸೇ ಸಾಣೆಯಾಗಿ ಗುಂಡನ್ನು ತಿನ್ನುತ್ತದೆ.