ಪ್ಲಾಸ್ಟಿಕ್ ಕೊಡದ ಗುಟ್ಟು ಹೇಳಿದ ಸ್ಟೌಡಿಂಗರ್

ಆನಗೋಡು: ಅಂಗಡಿ ಮುಂದೆ ನೇತು ಹಾಕಿರೋ ಪ್ಲಾಸ್ಟಿಕ್ ಕೊಡ, ಹೊಲಕ್ಕೆ ಎಳೆದಿರೋ ಪಿವಿಸಿ ಪೈಪು, ದಾವಣಗೆರೆ ಮಿಲ್ಲುಗಳು ನೂತ ಹತ್ತಿ, ಹರಿಹರ ಪಾಲಿಫೈಬರ್ಸ್‌ನಲ್ಲಿ ಮರದಿಂದ ತೆಗೆಯೋ ತಿರುಳು. ಒಳಗೆ ನೋಡಿದರೆ ಎಲ್ಲವೂ ಒಂದೇ ಜಾತಿ. ಸಣ್ಣ ಅಣುಗಳು ಹೂಮಾಲೆ ಥರ ಸಾಲಾಗಿ ಪೋಣಿಸಿಕೊಂಡ ಉದ್ದದ ಸರಪಳಿ, ಅಂದ್ರೆ ಪಾಲಿಮರ್. ಇದನ್ನು ಗಟ್ಟಿಯಾಗಿ ಹೇಳಿ ಬೈಸಿಕೊಂಡವರು ಜರ್ಮನಿಯ ಹರ್ಮನ್ ಸ್ಟೌಡಿಂಗರ್.

1881ರಲ್ಲಿ ವರ್ಮ್ಸ್ ಊರಲ್ಲಿ ಹುಟ್ಟಿದ ಅವರಿಗೆ ಗಿಡಗಳ ಹುಚ್ಚು. ರಸಾಯನಶಾಸ್ತ್ರ ಕಲಿತರೆ ಗಿಡವೂ ಅರ್ಥವಾಗುತ್ತೆ ಅಂತ ಆ ಕಡೆ ಹೋದರು. ಕೀಟೀನ್ ಎಂಬ ವಸ್ತು ಕಂಡುಹಿಡಿದು ಹೆಸರು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಕಾಳುಮೆಣಸು ಸಿಗದಾದಾಗ ಅದರ ಬದಲಿಗೆ ಕೃತಕ ಖಾರವನ್ನೂ ತಯಾರಿಸಿದ್ದರು!

ಆರಾಮಾಗಿ ಅದೇ ದಾರೀಲಿ ಇರಬಹುದಿತ್ತು. 1920ರಲ್ಲಿ, ರಬ್ಬರ್ ಅಂದ್ರೆ ಸಣ್ಣ ಅಣುಗಳ ಬರೀ ಗುಂಪಲ್ಲ, ಗಟ್ಟಿಯಾಗಿ ಬೆಸೆದ ಉದ್ದನೆ ಸರಪಳಿ ಅಂದರು. ದೊಡ್ಡ ದೊಡ್ಡ ವಿಜ್ಞಾನಿಗಳೇ ಒಪ್ಪಲಿಲ್ಲ. ಇವರು ಬಿಡಲಿಲ್ಲ. 1926ರಲ್ಲಿ ಫ್ರೈಬುರ್ಗ್‌ಗೆ ಹೋಗಿ, ದ್ರಾವಣ ಎಷ್ಟು ಮಂದವಾಗುತ್ತೆ ಅನ್ನೋದರಿಂದ ಸರಪಳಿಯ ಉದ್ದ ಅಳೆಯೋ ದಾರಿ ಹುಡುಕಿದರು. ಗಂಜಿಯ ಮಂದ ನೋಡಿ ಹದ ಹೇಳಿದ ಹಾಗೆ. ಸಸ್ಯಶಾಸ್ತ್ರ ಕಲಿತ ಹೆಂಡತಿ ಮಾಗ್ಡಾ ಕೆಲಸದಲ್ಲೂ ಜೊತೆಯಾದರು.

ಕಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದೆ ಯುದ್ಧ ಬೇಡ ಅಂದಿದ್ದಕ್ಕೆ ನಾಜಿಗಳ ಕಾಲದಲ್ಲಿ ವಿಚಾರಣೆ ಎದುರಿಸಬೇಕಾಯ್ತು. 1944ರ ಬಾಂಬ್ ದಾಳಿಗೆ ಅವರ ಸಂಸ್ಥೆಯೇ ಹಾಳಾಯ್ತು. ಅಷ್ಟರಲ್ಲಿ ನೈಲಾನ್ ಮಾರುಕಟ್ಟೆಗೆ ಬಂದು ಅವರ ಮಾತು ನಿಜವಾಗಿತ್ತು. ನೊಬೆಲ್ ಮಾತ್ರ ಸಿಕ್ಕಿದ್ದು 1953ರಲ್ಲಿ, 72ನೇ ವಯಸ್ಸಿಗೆ. 1965ರ ಸೆಪ್ಟೆಂಬರ್ 8ರಂದು ಫ್ರೈಬುರ್ಗ್‌ನಲ್ಲಿ ತೀರಿಕೊಂಡರು.